ಬಾವಿಯ ನೀರು, ಮನೆಯ ಫಿಲ್ಟರು



ಕಂಪ್ಯೂಟರ್ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದ್ದರು. ಆ ವಿಷಯ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ನಾನು ಕುಡಿಯುವ ನೀರಿನ ಬಗ್ಗೆ, ಅದರಲ್ಲಿ ನಾನೇ ಮಾಡಿದ ತಪ್ಪಿನ ಬಗ್ಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಮಾರಾಟಗಾರ ಹೆಮ್ಮಾಡಿಯ ನಮ್ಮ ಮನೆಗೆ ಬಂದ. ಒಂದು ಲೋಟದಲ್ಲಿ ನಮ್ಮ ಬಾವಿ ನೀರು, ಇನ್ನೊಂದರಲ್ಲಿ ಅವನ ಆರ್‌ಒ ಯಂತ್ರದ ನೀರು. ಎರಡಕ್ಕೂ ಕರೆಂಟಿನ ಸರಳು ಇಳಿಸಿದ. ಬಾವಿ ನೀರು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು. ಅಮ್ಮ ಹೆದರಿ ಬೆಂಗಳೂರಿಗೆ ಫೋನ್ ಮಾಡಿದರು. ಬಿಇ ಓದಿದ ಮಗ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಕಳಿಸಿದ.

ಆ ಕಂದು ಬಣ್ಣ ನೀರಿನ ಕೊಳೆಯಲ್ಲ. ಸರಳು ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಆ ಕಬ್ಬಿಣವೇ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಬಣ್ಣ ಬರುವುದಿಲ್ಲ. ಇದೇ ಶಾಲೆಯಲ್ಲಿ ವಿದ್ಯುದ್ವಿಭಜನೆಯ ಪಾಠ ಕೇಳಿದ್ದೆ. ಅಂಕ ಬಂದಿತ್ತು, ಅಷ್ಟೇ.

ನಮ್ಮ ಬಾವಿ ನೀರಿನಲ್ಲಿ ಕರಗಿದ ಲವಣ, ಅಂದರೆ ಟಿಡಿಎಸ್, ಲೀಟರಿಗೆ 52 ಮಿಲಿಗ್ರಾಂ. ಭಾರತೀಯ ಮಾನಕದಲ್ಲಿ 500ರವರೆಗೆ ಒಳ್ಳೆಯದೇ. ನಮ್ಮ ಮಳೆಗೆ, ಮುರಕಲ್ಲಿನ ನೆಲಕ್ಕೆ ಇಂಥ ಮೆದು ನೀರು ಸಹಜ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿತ್ತು. ಮನೆಯ ಆರ್‌ಒ ಒಂದು ಕೊಡ ನೀರು ಕೊಡಲು ಎರಡು ಮೂರು ಕೊಡ ಚೆಲ್ಲುತ್ತದೆ. ಅಮ್ಮನ ದೂರು ಬೇರೆ: "ಈ ನೀರ್ ಕುಡದ್ರೆ ಆಸ್ರ್ ಹೋತಿಲ್ಲ ಮಗಾ."

ಆರ್‌ಒ ಯಾರಿಗೂ ಬೇಡ ಎನ್ನುತ್ತಿಲ್ಲ. ಹೊಳೆಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಯುವಿ ದೀಪಕ್ಕೂ ಜಗ್ಗುವುದಿಲ್ಲ. ಅಲ್ಲಿ ಆರ್‌ಒ ಬೇಕು. ಪಾವಗಡದಂಥ ಕಡೆ ಫ್ಲೋರೈಡ್ ಇದೆ, ಅಲ್ಲಿಯೂ ಬೇಕು.

ನಮ್ಮ ತೊಂದರೆ ಬೇರೆಯದು. ಯಂತ್ರ ಬಂದ ಮರುವರ್ಷ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗನಿಗೆ ಕಾಮಾಲೆ ಬಂತು. ಆಗಲೇ ನಾನು ಎರಡೂ ಬಾವಿಗಳ ನೀರನ್ನು ಎಚ್‌2ಎಸ್ ಬಾಟಲಿಗೆ ಹಾಕಿಟ್ಟದ್ದು. ಇದು ಸಣ್ಣ ಪರೀಕ್ಷೆ: ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಬಿಡಬೇಕು. ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುತ್ತದೆ. ಎರಡೂ ಕಪ್ಪಾದವು. ಟಿಡಿಎಸ್ ಮೀಟರಿಗೆ ಇದು ಕಾಣುವುದೇ ಇಲ್ಲ.

ಟೇಪು ಹಿಡಿದು ಅಳೆದೆ. ಬಾವಿಗೂ ಪಾಯಿಖಾನೆ ಗುಂಡಿಗೂ ಕನಿಷ್ಠ 50 ಅಡಿ ಇರಬೇಕು. ನಮ್ಮ ಬಾವಿಗೂ ನಮ್ಮ ಗುಂಡಿಗೂ 40 ಅಡಿ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಬಾವಿಗೂ ನಮ್ಮ ಗುಂಡಿಗೂ 23 ಅಡಿ. ಗುಂಡಿ ತೋಡಿಸುವಾಗ ನಾವು ನಮ್ಮ ಬಾವಿಯನ್ನಷ್ಟೇ ನೋಡಿದ್ದೆವು. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೂ ಒಂದು ಬದಿ 47 ಅಡಿ ಬರುವುದಿಲ್ಲ. ಸಾಲಾಗಿ ಮನೆ ಎದ್ದರೆ ಯಾರ ಗುಂಡಿಯಾದರೂ ಇನ್ನೊಬ್ಬರ ಬಾವಿಗೆ ಹತ್ತಿರವೇ. ಮುರಕಲ್ಲಿನ ತೂತುಗಳಲ್ಲಿ ಮಳೆಗಾಲದ ನೀರು ಸರಾಗ ಹರಿಯುತ್ತದೆ. ಆ ಹುಡುಗನ ಕಾಮಾಲೆ ನಮ್ಮ ಗುಂಡಿಯಿಂದಲೇ ಬಂತು ಎನ್ನಲಾರೆ, ಅಲ್ಲ ಎನ್ನಲೂ ನನಗೆ ಧೈರ್ಯವಿಲ್ಲ.

ಇಂಥ ನೀರಿಗೆ ಅಗ್ಗದ ದಾರಿ ಕುದಿಸುವುದು. ಚೆನ್ನಾಗಿ ಮರಳಬೇಕು. ಸಮಾರಂಭಗಳಲ್ಲಿ ಮಾಡುವಂತೆ ಕುದಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಕುದಿಸಿದ್ದೇ ದಂಡ. ಯುವಿ ಯಂತ್ರವೂ ಆಗುತ್ತದೆ, ಆದರೆ ನೀರು ತಿಳಿಯಾಗಿರಬೇಕು, ಕರೆಂಟು ಇರಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಎರಡೂ ಕಷ್ಟ.

ಬಾವಿಗೆ ಬ್ಲೀಚಿಂಗ್ ಪೌಡರ್ ಅಂದಾಜಿನಲ್ಲಿ ಸುರಿಯಬೇಡಿ. ಮಕ್ಕಳೇ, ಪೈ ಆರ್ ಸ್ಕ್ವೇರ್ ಎಚ್ ಯಾತಕ್ಕೆ ಎಂದು ನಾವೂ ಕೇಳುತ್ತಿದ್ದೆವು. ಬಾವಿಯ ಅಗಲ 3 ಮೀಟರ್, ನೀರಿನ ಆಳ 2 ಮೀಟರ್ ಇದ್ದರೆ ಸುಮಾರು 14,000 ಲೀಟರ್ ನೀರು. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ, ಅಂದರೆ 35 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಕೊಡಪಾನ ಮುಳುಗಿಸಿ ಎತ್ತಿ ಚೆನ್ನಾಗಿ ಬೆರೆಸಬೇಕು. ಒಂದು ಗಂಟೆ ನೀರು ಸೇದಬಾರದು. ಒಮ್ಮೆ ಹಾಕಿದರೆ ಮುಗಿಯಿತು ಎಂದಲ್ಲ, ಗುಂಡಿ ಅಲ್ಲೇ ಇರುವವರೆಗೆ ಹಾಕುತ್ತಲೇ ಇರಬೇಕು.

ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಪಂಚಾಯತಿನಲ್ಲಿ ವಿಚಾರಿಸಿ. ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿ. ಉಪ್ಪಿನ ಪರೀಕ್ಷೆ ಏಪ್ರಿಲ್-ಮೇ ತಿಂಗಳಲ್ಲಿ, ಬ್ಯಾಕ್ಟೀರಿಯಾ ಪರೀಕ್ಷೆ ಮಳೆ ಹಿಡಿದ ಮೇಲೆ.

ಪಕ್ಕದ ಮನೆಯವರಿಗೆ ಆ 23 ಅಡಿಯ ವಿಷಯ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಚಾ ಕೊಟ್ಟರು. ಕುದಿಸಿದ ನೀರಿನದು ಎಂದು ನಗುತ್ತಲೇ ಹೇಳಿದರು. ಬರುವ ಬೇಸಿಗೆಯಲ್ಲಿ ನಮ್ಮ ಗುಂಡಿಯನ್ನು ರಸ್ತೆ ಕಡೆಗೆ ಬದಲಾಯಿಸುತ್ತಿದ್ದೇವೆ. ಈ ಸಲ ಟೇಪಿನ ಇನ್ನೊಂದು ತುದಿ ಅವರೇ ಹಿಡಿದಿದ್ದರು.