ಕಾಯಿಲೆಯ ಲೆಕ್ಕದಲ್ಲಿ ನಾಚಿಕೆ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರಲ್ಲ. ಆದರೂ ಇಂದು ಟಿ.ಬಿ. ಬಗ್ಗೆ, ಅಂದರೆ ಕ್ಷಯದ ಬಗ್ಗೆ ಮಾತಾಡುತ್ತೇನೆ. ಅದರಲ್ಲೊಂದು ಗಣಿತ ಇದೆ. ಗುಣಾಕಾರ ಬಂದರೆ ಸಾಕು.

ಸಾಂಕ್ರಾಮಿಕ ರೋಗಕ್ಕೆ ಸಮೀಕರಣ ಬರೆಯುವುದು ಹೊಸದೇನಲ್ಲ. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ತಮ್ಮ ಸೂತ್ರವನ್ನು ಹೋಲಿಸಿ ನೋಡಿದ್ದು ನಮ್ಮ ಮುಂಬಯಿಯ 1905-06ರ ಪ್ಲೇಗಿನ ಸಾವುಗಳ ಲೆಕ್ಕದೊಂದಿಗೆ. ತಿರುಳು ಇಷ್ಟೇ: ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಹೆಚ್ಚು ಹೊಸ ರೋಗಿಗಳಾದರೆ ರೋಗ ಹಬ್ಬುತ್ತದೆ, ಕಡಿಮೆಯಾದರೆ ಇಳಿಯುತ್ತದೆ.

ಈಗ ಟಿ.ಬಿ.ಗೆ ಬನ್ನಿ. ಕಫದಲ್ಲಿ ರೋಗಾಣು ಇದ್ದೂ ಚಿಕಿತ್ಸೆ ಪಡೆಯದ ರೋಗಿಯಿಂದ ವರ್ಷಕ್ಕೆ ಹತ್ತು ಹದಿನೈದು ಜನರಿಗೆ ಸೋಂಕು ತಗುಲಬಹುದು. ತಿಂಗಳಿಗೆ ಒಬ್ಬರು ಎನ್ನೋಣ. ಸೋಂಕು ತಗುಲಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಮುಂದೆಂದಾದರೂ ಕಾಯಿಲೆ ಬೀಳುತ್ತಾರೆ. ಹಾಗಾದರೆ ಹನ್ನೆರಡು ತಿಂಗಳು ಮುಚ್ಚಿಟ್ಟರೆ 1.2 ಹೊಸ ರೋಗಿ. ಮೂರೇ ತಿಂಗಳಲ್ಲಿ ಚಿಕಿತ್ಸೆಗೆ ಬಂದರೆ 0.3. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಆದರೆ ನೋಡಿ, ರೋಗಾಣು ಅದೇ, ಮಾತ್ರೆ ಅದೇ, ಬದಲಾದದ್ದು ತಿಂಗಳು ಮಾತ್ರ.

ಆ ತಿಂಗಳುಗಳು ಹೆಚ್ಚುವುದು ಯಾಕೆ? ದೂರ, ದುಡ್ಡು, ಹೌದು. ಅದರ ಜೊತೆಗೆ 'ನಾಲ್ಕು ಜನ ಏನಂದಾರು' ಎಂಬುದೂ ಇದೆ. ಮಗಳ ಸಂಬಂಧ ತಪ್ಪೀತು, ಸೊಸೆಯನ್ನು ತವರಿಗೆ ಕಳಿಸಿಯಾರು, ಲೋಟ ಬೇರೆ ಇಟ್ಟಾರು. (ಲೋಟ ಬೇರೆ ಇಟ್ಟು ಪ್ರಯೋಜನವೂ ಇಲ್ಲ, ಟಿ.ಬಿ. ಹರಡುವುದು ಗಾಳಿಯಿಂದ.) ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ನುಂಗಿದವರನ್ನು ನಾನು ಬಲ್ಲೆ.

ಪ್ರೋಗ್ರಾಮ್ ಬರೆಯುವವನಿಗೆ ಇಲ್ಲಿ ಇನ್ನೊಂದು ಕಾಣುತ್ತದೆ. ಈ ನಾಚಿಕೆಯನ್ನು ಬದಲಾಗದ ಸಂಖ್ಯೆ ಎಂದು ಹಿಡಿಯುವಂತಿಲ್ಲ. ತಡವಾಗಿ ಬಂದವರಲ್ಲಿ ಕೆಲವರು ಸೊರಗಿ ಸಾಯುತ್ತಾರೆ. ಅದನ್ನು ಕಂಡ ಊರಿಗೆ ಭಯ ಹೆಚ್ಚುತ್ತದೆ. ಭಯ ಹೆಚ್ಚಿದಷ್ಟೂ ಮುಂದಿನವರು ಇನ್ನೂ ತಡ ಮಾಡುತ್ತಾರೆ. ಸುತ್ತು ತಾನೇ ಬಲಿಯುತ್ತದೆ. ಅದು ಹಿಮ್ಮುಖವಾಗಿಯೂ ತಿರುಗುತ್ತದೆ: ಆರು ತಿಂಗಳು ಮಾತ್ರೆ ನುಂಗಿ ಗುಣವಾದವರು ಗದ್ದೆಗಿಳಿದದ್ದನ್ನು ಊರು ಕಂಡರೆ ಭಯ ಇಳಿಯುತ್ತದೆ. ಅದಕ್ಕೇ ಗೋಡೆಯ ಮೇಲಿನ ಬಿತ್ತಿಪತ್ರಕ್ಕಿಂತ ಗುಣವಾದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಟಿ.ಬಿ. ಎಂದು ಗೊತ್ತಾದರೆ ಮಾತ್ರೆಯೂ ಉಚಿತ. ಸರಿಯಾದ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಈ ಲೆಕ್ಕವನ್ನು ಹತ್ತು ಸಾಲಿನ ಪ್ರೋಗ್ರಾಮ್ ಮಾಡಿ ಶಾಲೆಯ ಕಂಪ್ಯೂಟರಿಗೆ ಹಾಕಿದ್ದೇನೆ. ಮಕ್ಕಳೇ, ತಿಂಗಳಿನ ಜಾಗದಲ್ಲಿ ಬೇರೆ ಬೇರೆ ಸಂಖ್ಯೆ ಕೊಟ್ಟು ನೋಡಿ. ಎಷ್ಟಕ್ಕೆ ಉತ್ತರ 1 ದಾಟುತ್ತದೆ ಎಂದು ನಾಳೆ ನಿಮ್ಮ ಗಣಿತದ ಮೇಷ್ಟ್ರಿಗೆ ಹೇಳಿ.