ಬಿಡಾರವೂ ಮನೆಯೂ: ಸ್ಪೇನಿನ ಕೆಲವು ಚಿತ್ರಗಳು



ರಾಜ್ಯೋತ್ಸವದ ವೇದಿಕೆಯ ಮೇಲೆ ಸ್ಪೇನ್ ದೇಶದ ಮಾತೇಕೆ ಎಂದು ತಾವು ಕೇಳಬಹುದು. ಕಾರಣವುಂಟು. "ಮನೆ ಎಲ್ಲಿ?" ಎಂದರೆ ನಾವು ಊರಿನ ಹೆಸರು ಹೇಳುತ್ತೇವೆ, "ಎಲ್ಲಿರುತ್ತೀರಿ?" ಎಂದರೆ ಈ ಪಟ್ಟಣದ ಬಾಡಿಗೆಯ ಬಿಡಾರವನ್ನು ತೋರಿಸುತ್ತೇವೆ. 11 ತಿಂಗಳ ಕರಾರು ಮುಗಿಯುತ್ತ ಬಂದಂತೆ ಮಾಲಿಕರ ಮುಖ ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಸ್ಪೇನಿನ ಚಿತ್ರಗಾರರಿಗೂ ಈ ಕಳವಳ ಹಳೆಯದು.

1959ರಲ್ಲಿ ತೆರೆಕಂಡ 'ಎಲ್ ಪಿಸಿತೊ', ಅಂದರೆ 'ಪುಟ್ಟ ಮನೆ', ದೊಡ್ಡ ಚಿತ್ರವೇ. ಆದರೂ ಮೊದಲು ಅದನ್ನು ಹೇಳಬೇಕು. ಬರೆದವರು ರಫಾಯೆಲ್ ಅಸ್ಕೋನಾ. ನಿರ್ದೇಶಿಸಿದವರು ಇಟಲಿಯ ಮಾರ್ಕೊ ಫೆರೇರಿ ಮತ್ತು ಇಸಿದೋರೊ ಫೆರ್ರಿ. ಮಾತುಕತೆಯಾಗಿ ವರ್ಷಗಳು ಕಳೆದರೂ, ಮನೆ ಸಿಗದೆ ಮದುವೆಯಾಗಲಾರದ ಗಂಡು ಹೆಣ್ಣು. ಬಾಡಿಗೆಯ ಹಕ್ಕು ತನಗೆ ಬರಲೆಂದು ಅವನು ತನ್ನ ಬಿಡಾರದ ಒಡತಿಯಾದ ಮುದುಕಿಯನ್ನೇ ವರಿಸುತ್ತಾನೆ. ಹೀಗೆ ಮಾಡೆಂದು ಒತ್ತಾಯಿಸುವವಳು ಆ ಹುಡುಗಿಯೇ! ಮುಂಬಯಿಯ ಪಗಡಿ ಖೋಲಿಗಳ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕಾಲದ ನಿಯೆವೆಸ್ ಕೊಂದೆಯವರ 'ಎಲ್ ಇಂಕಿಲಿನೊ' ಚಿತ್ರದಲ್ಲಿ ಬಾಡಿಗೆದಾರನ ಸಂಸಾರ ಬೀದಿಗೆ ಬೀಳುತ್ತದೆ. ಫ್ರಾಂಕೋ ಸರಕಾರದ ವಸತಿ ಸಚಿವಾಲಯಕ್ಕೆ ಇದು ರುಚಿಸಲಿಲ್ಲ. ಕೊನೆಯ ಭಾಗ ತಿದ್ದಿ ಸಂಸಾರಕ್ಕೊಂದು ಮನೆ ಕೊಡಿಸಲಾಯಿತು. ಚಿತ್ರದೊಳಗೆ ಮನೆ ಕೊಡಿಸುವುದು ಸುಲಭ. ಇಟ್ಟಿಗೆಯೂ ಬೇಡ, ಗಾರೆಯೂ ಬೇಡ.

ಫ್ರಾಂಕೋ ತೀರಿಕೊಂಡ ಮೇಲೆ, 1978ರ ಸಂವಿಧಾನದ 47ನೆಯ ವಿಧಿಯು ಯೋಗ್ಯವಾದ ವಸತಿ ಪ್ರತಿಯೊಬ್ಬ ಸ್ಪೇನಿಗನ ಹಕ್ಕೆಂದು ಸಾರಿತು. 2008ರ ಹಣಕಾಸಿನ ಕುಸಿತದ ನಂತರ ಸಾಲ ತೀರಿಸಲಾರದ ಸಂಸಾರಗಳು ಎಷ್ಟೋ ಬೀದಿಗೆ ಬಂದವು. ಬರೆದ ಮಾತೇ ಸೂರಾಗುವುದಿಲ್ಲವಷ್ಟೆ.

ಈಗ ಕಿರುಚಿತ್ರಕ್ಕೆ ಬರೋಣ. ಗಿಯೆರ್ಮೊ ಗಾರ್ಸಿಯಾ ಲೋಪೆಸ್ ಅವರ 'ಔಂಕೆ ಎಸ್ ದೆ ನೋಚೆ', 'ಇರುಳಾದರೂ' ಎಂದು ಅರ್ಥ, 2023ರಲ್ಲಿ ಕಾನ್ ಉತ್ಸವಕ್ಕೆ ಹೋಯಿತು. 2024ರಲ್ಲಿ ಗೋಯಾ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು ಮ್ಯಾಡ್ರಿಡ್ ಪಕ್ಕದ ಕನ್ಯಾದಾ ರೆಯಾಲ್‌ನಲ್ಲಿ. ಹಿಂದೆ ಕುರಿಮಂದೆಗಳು ಮೇವನ್ನರಸಿ ನಡೆದ ರಾಜಮಾರ್ಗವದು. ವಲಸೆಯ ಹಾದಿಯಲ್ಲೇ ವಲಸೆ ಬಂದವರು ಗೋಡೆ ಎಬ್ಬಿಸಿದರು. ಹಳ್ಳಿಗಾಡಿನವರು, ಜಿಪ್ಸಿಗಳು, ಮೊರಾಕೊದವರು. 2020ರ ಅಕ್ಟೋಬರಿನಲ್ಲಿ ಅಲ್ಲಿನ ಕೆಲವು ಭಾಗಗಳಲ್ಲಿ ವಿದ್ಯುತ್ತು ನಿಂತಿತು. ಚಳಿಗಾಲಗಳು ಕಳೆದರೂ ದೀಪ ಬರಲಿಲ್ಲ. ಜನ ಸೌದೆ ಉರಿಸಿದರು. ಸ್ಪೇನಿನವರ ಭಾಷೆಯಲ್ಲಿ 'ಓಗಾರ್' ಎಂದರೆ ಒಲೆಯೂ ಹೌದು, ಮನೆಯೂ ಹೌದು. ನಾವು ಒಲೆ ಹೂಡಿದೆವೆಂದಾಗ ಸಂಸಾರ ನೆಲೆಯಾಯಿತೆಂದು ತಿಳಿಯುವುದಿಲ್ಲವೇ, ಹಾಗೆ.

ಚಿತ್ರದಲ್ಲಿ ಬುಲ್‌ಡೋಜರಿಗಿಂತ ಹೆಚ್ಚಾಗಿ ಕಾಡುವುದು ಬೇರೊಂದು ಸಂಗತಿ. ಟೋನಿ ಜಿಪ್ಸಿ ಹುಡುಗ, ನಾಸೆರ್ ಅವನ ಗೆಳೆಯ. ನಾಸೆರ್ ಫ್ರಾನ್ಸಿಗೆ ಹೊರಟುಹೋಗುವನೆಂದು ತಿಳಿದ ಕ್ಷಣದಿಂದ ಟೋನಿಗೆ ಹುಟ್ಟಿ ಬೆಳೆದ ಜಾಗವೇ ಸಡಿಲವಾಗುತ್ತದೆ.

ಹಿಂದಿನ ಬಿಡಾರ ಬಿಟ್ಟ ದಿನ ನಾವು ಸಾಮಾನು ಎಣಿಸುತ್ತಿದ್ದೆವು. ಠೇವಣಿಯ ಹಣ ಪೂರ್ತಿ ಕೈಗೆ ಬಂದಿರಲಿಲ್ಲ, ತಲೆ ಬಿಸಿಯಾಗಿತ್ತು. ನಮ್ಮ ಮಗ ಹೊಸ ಮನೆ ದೊಡ್ಡದೇ, ಚಿಕ್ಕದೇ ಎಂದು ಕೇಳಲಿಲ್ಲ. ಎದುರುಮನೆಯ ಮರಾಠಿ ಹುಡುಗನೂ ಲಾರಿಯಲ್ಲಿ ಬರುತ್ತಾನೆಯೇ ಎಂದು ಕೇಳಿದ.