ಇತ್ತೀಚಿನ ಕೆಲವು ತೀರ್ಪುಗಳು ಮತ್ತು ನಾವು
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಕೀಲನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಕಳೆದ ವರ್ಷ ಒಬ್ಬ ತಾಯಿ ಆರನೇ ತರಗತಿಯ ಮಗಳ ಟಿ.ಸಿ. ಕೇಳಲು ಬಂದರು. ಗಂಡ ಕಾಗದದಲ್ಲಿ ತಲಾಖ್ ಬರೆದು ಕಳಿಸಿದ್ದ. ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಕೂಲಿಗೆ ಹೊರಟಿದ್ದರು. "ಇದ್ದತ್ ಮುಗೀತಂದ್ರ ಅವನ ಜವಾಬ್ದಾರಿನೂ ಮುಗೀತಂತ ಹಿರಿಯರು ಹೇಳ್ಯಾರ್ರಿ ಸರ್" ಎಂದರು. ಹಿರಿಯರು ಸುಳ್ಳು ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

1985ರಲ್ಲಿ ಶಾಬಾನೋ ತೀರ್ಪು ಬಂತು, 1986ರಲ್ಲಿ ಹೊಸ ಕಾನೂನು ಬಂತು. ನಮ್ಮ ಜನರ ನೆನಪು ಅಲ್ಲಿಗೇ ನಿಂತಿದೆ. ಆದರೆ 2001ರಲ್ಲಿ ದಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ 1986ರ ಕಾನೂನನ್ನೇ ಬಿಡಿಸಿ ಓದಿತು. ಇದ್ದತ್ತಿನ ಅವಧಿಯೊಳಗೆ ಗಂಡ ಮಾಡಬೇಕಾದ ಏರ್ಪಾಡು ಆ ಮೂರು ತಿಂಗಳಿಗಷ್ಟೇ ಅಲ್ಲ, ಆಕೆಯ ಮುಂದಿನ ಬದುಕಿಗೂ ಸಾಕಾಗಬೇಕು ಎಂದಿತು. 2002ರ ಶಮೀಮ್ ಆರಾ ತೀರ್ಪು ಇನ್ನೂ ಮೂಲಕ್ಕೆ ಹೋಯಿತು. ತಲಾಖಿಗೆ ಸರಿಯಾದ ಕಾರಣವಿರಬೇಕು, ಅದಕ್ಕೂ ಮೊದಲು ಎರಡೂ ಕಡೆಯ ಒಬ್ಬೊಬ್ಬರು ಕೂತು ರಾಜಿಗೆ ಪ್ರಯತ್ನಿಸಿರಬೇಕು. ಇದು ಸೂರಾ ನಿಸಾದ 35ನೇ ಆಯತಿನಲ್ಲಿರುವ ವಿಷಯವೇ. ಜುಮಾ ದಿನ ಕೇಳಿದ್ದನ್ನು ಮನೆಯ ಜಗಳದ ಹೊತ್ತಿಗೆ ನಾವು ಮರೆತುಬಿಡುತ್ತೇವೆ.

2024ರ ಜುಲೈ 10ರಂದು ಮತ್ತೊಂದು ತೀರ್ಪು ಬಂತು. ತೆಲಂಗಾಣದ ಒಬ್ಬರು, ಮಾಜಿ ಹೆಂಡತಿ 1986ರ ಕಾನೂನಿನಡಿಯಲ್ಲೇ ಕೇಳಬೇಕು, 125ನೇ ಕಲಮಿನಡಿ ಜೀವನಾಂಶ ಕೇಳುವಂತಿಲ್ಲ ಎಂದು ಮೇಲ್ಮನವಿ ಹೋಗಿದ್ದರು. ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅದನ್ನು ತಳ್ಳಿಹಾಕಿದರು. ಎರಡು ದಾರಿಗಳೂ ಆಕೆಗೆ ತೆರೆದಿವೆ ಎಂದರು. ಅದೇ ತಿಂಗಳ 1ರಿಂದ ಹೊಸ ಸಂಹಿತೆ ಜಾರಿಗೆ ಬಂದು, 125ನೇ ಕಲಮಿನ ಜಾಗದಲ್ಲಿ 144ನೇ ಕಲಮು ಬಂದಿದೆ. ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಿ.

ಮಗುವಿನ ಹಕ್ಕು ತಾಯಿಯದಕ್ಕಿಂತ ಬೇರೆ. ಕೈಯಲ್ಲಿ ದುಡ್ಡಿರುವ ತಂದೆ ಮಗಳ ಮದುವೆಯಾಗುವ ತನಕ ಆಕೆಯ ಪೋಷಣೆಗೆ ಕೊಡಬೇಕು ಎಂದು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ 1997ರಲ್ಲೇ ತೀರ್ಮಾನವಾಗಿದೆ. ಟಿ.ಸಿ. ಕೇಳಲು ಬಂದ ತಾಯಿಗೆ ನಾನು ಮೊದಲು ಹೇಳಿದ್ದೇ ಇದನ್ನು.

ಖರ್ಚಿನ ಹೆದರಿಕೆ ದೊಡ್ಡದು, ನಿಜ. ಆದರೆ 1987ರ ಕಾನೂನಿನಂತೆ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ತಾನು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. 2020ರ ರಜನೇಶ್ ಪ್ರಕರಣದ ನಂತರ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿಯನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತಡ ಮಾಡಿದಷ್ಟೂ ನಷ್ಟ. ಹೈಕೋರ್ಟಿಗೆ ಹೋಗಬೇಕಾದರೂ ಈಗ ಬೆಂಗಳೂರು ಬೇಕಿಲ್ಲ, 2008ರಿಂದ ಕಲಬುರಗಿಯಲ್ಲೇ ಪೀಠವಿದೆ.

ತೀರ್ಪನ್ನು ಅರ್ಧ ಓದುವವರೂ ನಮ್ಮಲ್ಲಿದ್ದಾರೆ. 2024ರ ನವೆಂಬರಿನಲ್ಲಿ ಅಲಿಘರ್ ವಿಶ್ವವಿದ್ಯಾಲಯಕ್ಕೆ ಅಲ್ಪಸಂಖ್ಯಾತ ಸ್ಥಾನ ಸಿಕ್ಕೇಬಿಟ್ಟಿತೆಂದು ಮುಬಾರಕ್ ಹೇಳಿದವರುಂಟು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹೇಳಿದ್ದು, ಕಾನೂನಿನ ಮೂಲಕ ಸ್ಥಾಪನೆಯಾದ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ ಎಂದು. ಸ್ಥಾನ ಇದೆಯೋ ಇಲ್ಲವೋ ಎಂಬುದನ್ನು ಬೇರೆ ಪೀಠಕ್ಕೆ ಬಿಟ್ಟರು.

ಉರ್ದು ಮಾಸ್ತರನಾಗಿ ನನಗೆ ಖುಷಿ ಕೊಟ್ಟದ್ದು 2025ರ ಏಪ್ರಿಲ್ 15ರ ತೀರ್ಪು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರಿನಲ್ಲಿ ಪುರಸಭೆಯ ಬೋರ್ಡಿನ ಮೇಲೆ ಮರಾಠಿಯ ಜೊತೆ ಉರ್ದು ಇರಬಾರದೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಭಾಷೆಗೂ ಧರ್ಮಕ್ಕೂ ಗಂಟು ಹಾಕಬೇಡಿ, ಉರ್ದು ಈ ನೆಲದಲ್ಲೇ ಹುಟ್ಟಿದ್ದು ಎಂದು ಕೋರ್ಟು ಹೇಳಿ ಬೋರ್ಡನ್ನು ಉಳಿಸಿತು. ಮರುದಿನ ತರಗತಿಯಲ್ಲಿ ಅರ್ಜಿ, ವಕೀಲ, ಜಾಮೀನು, ವಕಾಲತ್ತು ಎಂಬ ಪದಗಳನ್ನು ಬರೆದು, ಇವು ಯಾವ ಭಾಷೆಯವು ಎಂದು ಕೇಳಿದೆ. ಅರ್ಧ ಹುಡುಗರು ಕನ್ನಡ ಎಂದರು, ಅರ್ಧ ಹುಡುಗರು ಉರ್ದು ಎಂದರು. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ.

ಆ ತಾಯಿ ಅರ್ಜಿ ಹಾಕಿದ್ದಾರೆ. ತಾರೀಖು ಎರಡು ಸಲ ಮುಂದೆ ಹೋಗಿದೆ, ಹಣ ಇನ್ನೂ ಕೈಗೆ ಬಂದಿಲ್ಲ. ಮಗಳು ಈಗ ಏಳನೇ ತರಗತಿ. ಇಂಥ ತೊಂದರೆ ಯಾರಿಗಾದರೂ ಇದ್ದರೆ ನಿಕಾಹ್‌ನಾಮಾ, ಮಕ್ಕಳ ಜನನ ಪತ್ರ ತೆಗೆದುಕೊಂಡು ಭಾನುವಾರ ಅಸರ್ ನಮಾಜಿನ ನಂತರ ಶಾಲೆಗೆ ಬನ್ನಿ, ಅರ್ಜಿ ಬರೆಯಲು ನಾನಿರುತ್ತೇನೆ. ಖುದಾ ಹಾಫಿಜ್.